ಚಿನ್ನದ ಪದಕ ಪೆಟ್ಟಿಗೆಯಲ್ಲಿ, ಗಿಟಾರ್ ಹೆಗಲಲ್ಲಿ!

ಗಾಂಧಿನಗರದಲ್ಲಿ ಒಂದು ಕಥೆ ಬಹಳ ಕಾಲದಿಂದ ಓಡುತ್ತಲೇ ಇದೆ. ಇನ್ನೂ ಎತ್ತಂಗಡಿಯಾಗಿಲ್ಲ! ಹುಡುಗ ಓದು ಬಿಟ್ಟ, ಮನೆ ಬಿಟ್ಟ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ, ಒಂದು ದಿನ ಸ್ಟಾರ್ ಆದ... ಇಷ್ಟೇ ಕಥೆ. ಗಾಯಕ ರಘು ದೀಕ್ಷಿತ್ ಹೆಸರು ಬಂದಾಗಲೂ ನಮ್ಮ ಹುಡುಗರು ಇದೇ ರೀಲನ್ನು ಹಾಕುತ್ತಾರೆ. ಆದರೆ ಆ ಮನುಷ್ಯನ ಕಥೆಯೇ ಬೇರೆ ಸ್ವಾಮಿ! ಅದನ್ನು ಹೇಳುವುದಕ್ಕೆ ಪಿಯುಸಿ ಮುಗಿಸದ ನಾನೇ ಸರಿಯಾದ ಆಸಾಮಿ.

ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಮನೆ. ಕಲಿತದ್ದು ಭರತನಾಟ್ಯ. ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ! ಗಿಟಾರ್ ಕೈಗೆ ಬಂದದ್ದು ಒಂದು ಪಂದ್ಯದಿಂದ. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಇವರ ನೃತ್ಯವನ್ನು ಗೇಲಿ ಮಾಡಿದನಂತೆ. ಗಿಟಾರ್ ನುಡಿಸಿ ತೋರಿಸುತ್ತೇನೆ ಎಂದು ಇವರು ಪಣ ತೊಟ್ಟರು. ಕ್ರಮವಾದ ಸಂಗೀತ ಪಾಠವಿಲ್ಲದೆಯೇ ಕಲಿತರು. ಅಂದು ಗೇಲಿಗೆ ಗುರಿಯಾದ ಗೆಜ್ಜೆ ಮುಂದೆ ವೇದಿಕೆಯಲ್ಲಿ ಅವರ ಗುರುತೇ ಆಯಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರ್!

ನಾನು ಅವರ ದನಿಯನ್ನು ಮೊದಲು ಕೇಳಿದ್ದು ಯಾವ ಸಭಾಂಗಣದಲ್ಲೂ ಅಲ್ಲ, ಲಿಂಗರಾಜಪುರದ ಒಂದು ಮೊಬೈಲ್ ಅಂಗಡಿಯಲ್ಲಿ. ಆಗ ಹತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದರು. ನಮ್ಮ ಏರಿಯಾ ನಿಮಗೆ ಗೊತ್ತಲ್ಲ? ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರುಗಡೆ ಉರ್ದು, ಚರ್ಚಿನ ಬೀದಿಯಲ್ಲಿ ಇಂಗ್ಲಿಷ್. ಅಂಗಡಿಯ ಹುಡುಗ ಹಾಡು ಹಾಕಿದವನೇ ಕಿವಿ ನಿಮಿರಿಸಿ, "ಅಣ್ಣಾ, ಇದ್ ಯಾವ್ ಪಿಚ್ಚರ್ದು?" ಅಂದ. ಯಾವ ಪಿಚ್ಚರ್ದೂ ಅಲ್ಲ. ಶಿಶುನಾಳ ಶರೀಫರ ಗುಡುಗುಡಿಯ ಪದ!

ನಮ್ಮಮ್ಮ ಶಿಗ್ಗಾಂವಿ ಕಡೆಯವಳು. ಶರೀಫರು ಹುಟ್ಟಿದ ಶಿಶುನಾಳ ಇರುವುದು ಅದೇ ತಾಲ್ಲೂಕಿನಲ್ಲಿ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಪದಗಳನ್ನು ಅಮ್ಮ ಯಾವ ಪುಸ್ತಕದಿಂದಲೂ ಕಲಿತವಳಲ್ಲ, ಶ್ರಾವಣದ ಭಜನೆಯಲ್ಲಿ ಕೇಳಿ ಕಲಿತವಳು. ಮನೆಗೆ ಬಂದು ಮೊಬೈಲಿನಲ್ಲಿ ಹಾಡು ಹಾಕಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಇದು ನಮ್ಮ ಶರೀಫಜ್ಜನ ಪದ ಅಲ್ಲೇನೋ! ಇಷ್ಟ್ಯಾಕ ಅವಸರ ಅವಂಗ?" ಎಂದಳು. ಆಮೇಲೆ ಎರಡನೇ ಸಲ ಹಾಕಿಸಿಕೊಂಡಳು!

ಶರೀಫರನ್ನು ಪೇಟೆಯ ಕಿವಿಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ ದೊಡ್ಡ ಹೆಸರು. 1990ರಲ್ಲಿ ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದೇ ಸಂಗೀತ. ಶರೀಫರ ಪಾತ್ರ ಮಾಡಿದ ಶ್ರೀಧರ್ ಕೂಡ ಭರತನಾಟ್ಯ ಕಲಾವಿದರೇ! ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅಷ್ಟರಲ್ಲಾಗಲೇ ಮೈಸೂರಿನ ಹುಡುಗ ಅದೇ ಪದಗಳಿಗೆ ಡ್ರಮ್ಸು, ಬೇಸ್ ಗಿಟಾರು, ಪಿಟೀಲು ಸೇರಿಸಿ ಊರೂರು ಸುತ್ತಲು ಹೊರಟಿದ್ದರು.

ಆದರೆ ಆ ಹಾದಿ ಸುಲಭದ್ದಾಗಿತ್ತೇ? ಕೇಳಿ. ಓದು ಮುಗಿಸಿ ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸಕ್ಕೆ ಸೇರಿದರು. ಇವರು ಹಾಡಿಕೊಳ್ಳುವುದನ್ನು ಕೇಳಿದ ಮನೆ ಮಾಲೀಕರು ಬ್ರಸೆಲ್ಸ್‌ನ ರೇಡಿಯೋದಲ್ಲಿ ಹಾಡಲು ಅವಕಾಶ ಕೊಡಿಸಿದರು. ಆಮೇಲೆ ಕೆಲಸ ಬಿಟ್ಟು ಊರಿಗೆ ಮರಳಿದರು. 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು, ಅದು ಚದುರಿತು. 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಕಟ್ಟಿದರು. ರೆಕಾರ್ಡ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬಯಿಯಲ್ಲಿ ಇವರ ಹಾಡು ಕೇಳಿದ ಹಿಂದಿ ಚಿತ್ರಗಳ ಸಂಗೀತ ಜೋಡಿ ವಿಶಾಲ್-ಶೇಖರ್ ಮೊದಲ ಆಲ್ಬಂ ಹೊರತಂದರು. ಅದು 2008. ಆಗ ಇವರಿಗೆ ವಯಸ್ಸು 33!

ಅದೇ ವರ್ಷ ನಮ್ಮ 'ಸೈಕೋ' ಚಿತ್ರದ ಮಾದೇಶ್ವರನ ಹಾಡು ಬಂತು, ಆಟೋಗಳಲ್ಲೆಲ್ಲ ಅದೇ ಹಾಡು! 2010ರಲ್ಲಿ ಸುದೀಪ್ ಅವರ 'ಜಸ್ಟ್ ಮಾತ್ ಮಾತಲ್ಲಿ'. ಅದೇ ವರ್ಷ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಜೊತೆಗೆ ಸಾಂಗ್‌ಲೈನ್ಸ್ ಪತ್ರಿಕೆಯ ಉತ್ತಮ ಹೊಸ ಪ್ರತಿಭೆ ಪ್ರಶಸ್ತಿ. ಕನ್ನಡದ ಒಂದಕ್ಷರ ತಿಳಿಯದ ಜನ ಕುಣಿದರು!

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂತೀರಾ? ನಮ್ಮ ವಠಾರದಲ್ಲಿ ಒಬ್ಬ ಹುಡುಗ ಇದ್ದಾನೆ. ಎರಡನೇ ಪಿಯುಸಿ. ಅವನ ತಾಯಿ ನಾಲ್ಕು ಮನೆ ಕೆಲಸ ಮಾಡಿ ಸಾಕುತ್ತಾಳೆ. ಪರೀಕ್ಷೆ ಫೀಸಿಗೆಂದು ಅವಳು ಕೊಟ್ಟ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ ಗಿಟಾರ್ ಕೊಳ್ಳಬೇಕೆಂದು ಇವನ ಲೆಕ್ಕ. ಅಮ್ಮನ ಹತ್ತಿರ ನನ್ನಿಂದ ಶಿಫಾರಸು ಬೇಕಂತೆ! "ಅಣ್ಣಾ, ರಘು ದೀಕ್ಷಿತ್ ಎಲ್ಲಾ ಬಿಟ್ಟು ಬಂದ್ರಲ್ಲ? ನೀವೂ ಕಾಲೇಜ್ ಬಿಟ್ರಲ್ಲ?"

ನಾನು ಬಿಟ್ಟದ್ದು ಹಾಡಿಗಾಗಿ ಅಲ್ಲ, ಬರಹಕ್ಕಾಗಿಯೂ ಅಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ಸಂಬಳ ಬೇಕಿತ್ತು. ಬರಹ ಆಮೇಲೆ ಬಂತು. ಅದರಲ್ಲಿ ಸುಖವೂ ಇದೆ, ಇಲ್ಲ ಎನ್ನಲಾರೆ. ಆದರೆ ಒಂದು ಕಚೇರಿಯಲ್ಲಿ ನನ್ನ ಲೇಖನಗಳನ್ನೆಲ್ಲ ಓದಿ ತಲೆದೂಗಿದವರು ಕೊನೆಗೆ, "ಡಿಗ್ರಿ ಯಾವುದು?" ಎಂದು ಕೇಳಿ ಫೈಲನ್ನು ಹಿಂದಕ್ಕೆ ತಳ್ಳಿದರು. ಆ ಫೈಲು ಈಗಲೂ ಬೀರುವಿನ ಮೇಲಿದೆ.

ಅವನಿಗೆ ಹೀಗೆ ಹೇಳಿದೆ: "ಲೋ, ಅವರು ಎಲ್ಲಾ ಬಿಟ್ಟದ್ದು ನಿಜ. ಆದ್ರೆ ಬಿಡೋದಕ್ಕೆ ಅವರ ಹತ್ರ ಒಂದು ಕೆಲಸ ಇತ್ತು. ಪೆಟ್ಟಿಗೇಲಿ ಚಿನ್ನದ ಪದಕ ಇತ್ತು. ಹಾಡು ಕೈಕೊಟ್ಟಿದ್ರೆ ಲ್ಯಾಬಿಗೆ ವಾಪಸ್ ಹೋಗಬಹುದಿತ್ತು. ನೀನು ವಾಪಸ್ ಎಲ್ಲಿಗೆ ಹೋಗ್ತೀಯ, ಅಮ್ಮನ ದುಡಿಮೆಗಾ?"

ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಮೂರನೇ ದಿನ ಫೀಸು ಕಟ್ಟಿದ ರಸೀದಿ ತಂದು ತೋರಿಸಿದ. ಈಗ ಭಾನುವಾರಗಳಲ್ಲಿ ಚರ್ಚಿನ ಗಾಯನ ತಂಡದ ಹಳೇ ಗಿಟಾರಿನಲ್ಲಿ ಕಲಿಯುತ್ತಿದ್ದಾನೆ. ಬೆರಳ ತುದಿ ದಪ್ಪಗಾಗಿದೆ. ಮೂರು ಕಾರ್ಡ್ ಬರುತ್ತದೆ, ನಾಲ್ಕನೆಯದು ಸತಾಯಿಸುತ್ತಿದೆಯಂತೆ.

ಗೆಳೆಯರೇ, ನಿಮ್ಮಲ್ಲೂ ಇಂಥವರಿದ್ದೀರಿ, ನನಗೆ ಗೊತ್ತು. ಹಾಡಿ, ಕುಣಿಯಿರಿ, ಗೇಲಿ ಮಾಡಿದವರಿಗೆ ಗಿಟಾರ್ ನುಡಿಸಿಯೇ ಉತ್ತರ ಕೊಡಿ. ಹಾಲ್ ಟಿಕೆಟ್ ಮಾತ್ರ ಜೇಬಿನಲ್ಲೇ ಇರಲಿ. ಶರೀಫಜ್ಜನ ಪದ ನೂರು ವರ್ಷಕ್ಕೂ ಹೆಚ್ಚು ಕಾಲ ಕಾದಿದೆ, ನಿಮ್ಮ ಪರೀಕ್ಷೆ ಮುಗಿಯುವವರೆಗೆ ಕಾಯುವುದಿಲ್ಲವೇ?