ಮುಚ್ಚಳ

ನನ್ನ ಬಾಲ್ಯದಲ್ಲಿ ನಮ್ಮೂರಿನ ಅರಳಿಕಟ್ಟೆಗೆ ಒಬ್ಬ ಬೈರಾಗಿ ಬಂದು ಕೂರುತ್ತಿದ್ದ. ಅವನು ಸೇದುವುದು ಭಂಗಿಯೆಂದು ಯಾರೂ ನಮಗೆ ಹೇಳಬೇಕಾಗಿರಲಿಲ್ಲ. ಚಿಲುಮೆಯ ವಾಸನೆ, ಕೆಂಡದಂಥ ಕಣ್ಣು, ಕರುಳು ಕಿತ್ತುಬರುವಂಥ ಕೆಮ್ಮು! ಎಚ್ಚರಿಕೆಯೆಲ್ಲ ಅವನ ಮುಖದ ಮೇಲೆಯೇ ಅಚ್ಚಾಗಿತ್ತು. ಹುಡುಗರು ದೂರದಲ್ಲೇ ನಿಲ್ಲುತ್ತಿದ್ದೆವು.

2022ರಲ್ಲಿ ಟೊರಾಂಟೊದಲ್ಲಿರುವ ಮಗನ ಮನೆಗೆ ಹೋದಾಗ ಅದೇ ವಸ್ತು ಬೇರೊಂದು ವೇಷದಲ್ಲಿ ಎದುರಾಯಿತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆಯಿದೆ. ಮರುವರ್ಷ ತಿನ್ನುವ ರೂಪಕ್ಕೂ ಅಪ್ಪಣೆಯಾಯಿತು. ನಿದ್ರೆ ಬಾರದೆಂದು ಮಗ ತಂದಿಟ್ಟ ಡಬ್ಬಿಯಲ್ಲಿ ಮೆತ್ತನೆಯ ಮಿಠಾಯಿ ಎರಡು. ಹೊರಗೆ ಚಿತ್ರವಿಲ್ಲ, ಬಣ್ಣದ ಬೆಡಗಿಲ್ಲ. ಒಂದು ಕೆಂಪು ಗುರುತು. ಹಳದಿ ಪಟ್ಟಿಯಲ್ಲಿ ಎಚ್ಚರಿಕೆ. ತಿಂದದ್ದರ ಪೂರ್ಣ ಪರಿಣಾಮ ತಿಳಿಯಲು ನಾಲ್ಕು ಗಂಟೆಯಾಗಬಹುದು, ಅಷ್ಟರೊಳಗೆ ಮತ್ತೆ ತಿಂದರೆ ಅಪಾಯ, ಎಂದು ಅದರ ಸಾರಾಂಶ. ಅಮಲಿನ ಅಂಶ ಡಬ್ಬಿಗೆ 10 ಮಿಲಿಗ್ರಾಂ ಮೀರಬಾರದೆಂದೂ ಅಲ್ಲಿ ನಿಯಮ.

ನಾನು ನಲವತ್ತು ವರ್ಷ ವಕೀಲಿ ಮಾಡಿದವನು. ಡಬ್ಬಿ ಕಂಡೊಡನೆ ಹಳೆಯ ಮೊಕದ್ದಮೆಯೊಂದು ನೆನಪಾಯಿತು. 1928ರಲ್ಲಿ ಸ್ಕಾಟ್ಲೆಂಡಿನ ಪೇಯ್ಸ್‌ಲಿಯಲ್ಲಿ ಒಬ್ಬ ಹೆಂಗಸು ಸ್ನೇಹಿತರು ಕೊಡಿಸಿದ ಶುಂಠಿಯ ಪಾನೀಯವನ್ನು ಕುಡಿದಳು. ಸೀಸೆಯಲ್ಲಿ ಕೊಳೆತ ಬಸವನಹುಳು ಇತ್ತೆಂದು ದಾವೆ ಹೂಡಿದಳು. ದುಡ್ಡು ಕೊಟ್ಟವಳು ಅವಳಲ್ಲ. ಗಾಜಿನೊಳಗೆ ಏನಿದೆಯೆಂದು ಕಾಣುವಂತೆಯೂ ಇರಲಿಲ್ಲ. ಹುಳು ಇತ್ತೋ ಇಲ್ಲವೋ, ಕೊನೆಗೂ ಸಾಬೀತಾಗಲಿಲ್ಲ. ಆದರೆ 1932ರಲ್ಲಿ ಲಂಡನ್ನಿನ ಪ್ರಭುಸಭೆ, ಕೊಂಡವರಿಗಷ್ಟೇ ಅಲ್ಲ, ಕುಡಿದವರಿಗೂ ತಯಾರಕ ಹೊಣೆ ಎಂದಿತು. ಆ ತತ್ತ್ವವನ್ನು ಕೆನಡಾವೂ ಒಪ್ಪಿಕೊಂಡಿದೆ. ಒಳಗಿನ ಅಪಾಯವನ್ನು ಬಲ್ಲವನು ಅದನ್ನು ಬಳಸುವವನಿಗೆ ತಿಳಿಸಲೇಬೇಕು.

ಇದನ್ನೆಲ್ಲ ಮಗನಿಗೆ ವಿವರಿಸುತ್ತ ಡಬ್ಬಿ ತೆರೆಯಲು ಹೋದೆ. ಮುಚ್ಚಳವನ್ನು ಒತ್ತಿ ತಿರುಗಿಸಬೇಕು. ಮಕ್ಕಳ ಕೈಗೆ ತೆರೆಯಬಾರದೆಂದು ಮಾಡಿದ್ದು ಮುದುಕನ ಕೈಗೂ ತೆರೆಯಲಿಲ್ಲ. ಮಗ ತೆರೆದುಕೊಟ್ಟು, "ನೋಡಿ ಮುಚ್ಚಿಬಿಡಿ, ಅಪ್ಪ" ಎಂದು ಕೆಲಸಕ್ಕೆ ಎದ್ದುಹೋದ. ಸಣ್ಣ ಅಕ್ಷರಗಳನ್ನೂ ಓದಿಬಿಡೋಣವೆಂದು ಕನ್ನಡಕ ತರಲು ನಾನು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮೂರು ವರ್ಷದ ಮೊಮ್ಮಗಳ ಎರಡು ಕೈಯಲ್ಲೂ ಮಿಠಾಯಿ.

"ತಾತ, ನಿಂಗೊಂದು, ನಂಗೊಂದು" ಎಂದಳು.

ಕಸಿದುಕೊಂಡೆ. ಅವಳು ಅತ್ತಳು, ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತಿತ್ತು.

ಸರ್ಕಾರ ಬರೆಸಿತು, ತಯಾರಕ ಬರೆದ, ವಕೀಲ ಗಟ್ಟಿಯಾಗಿ ಓದಿಯೂ ಓದಿದ. ಆದರೆ ಬರಹವಿರುವುದು ಓದಬಲ್ಲವರಿಗೆ. ಓದಲಾರದವರಿಗೆ ಇದ್ದದ್ದು ಮುಚ್ಚಳವೊಂದೇ. ಅದನ್ನು ತೆಗೆದಿಟ್ಟುಹೋದವನು ನಾನು. ಇನ್ನು ಯಾರ ಮೇಲೆ ದಾವೆ ಹೂಡಲಿ?

ಅಂದೇ ಡಬ್ಬಿ ಬೀಗದ ಪೆಟ್ಟಿಗೆ ಸೇರಿತು. ಸಂಜೆ ಮೊಮ್ಮಗಳ ಕೈಗೆ ಒಂದು ಚೂರು ಬೆಲ್ಲ ಕೊಟ್ಟು ರಾಜಿ ಮಾಡಿಕೊಳ್ಳಲು ಹೋದೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ತಿನ್ಬಹುದಾ, ತಾತ?" ಎಂದು ಕೇಳಿದಳು.