ಆಮೆಗೆ ಹಚ್ಚಿದ ದೀಪ

ಮೊಮ್ಮಕ್ಕಳು ರಜೆಗೆ ಬರುವಾಗ ಚೆಂಡು ತರುತ್ತಾರೆ, ಪುಸ್ತಕ ತರುತ್ತಾರೆ. ಹೋದ ಡಿಸೆಂಬರಿನಲ್ಲಿ ಛತ್ರಪತಿ ಸಂಭಾಜಿನಗರದಿಂದ ಮನಮಾಡ ಮಾರ್ಗವಾಗಿ ನಾಶಿಕಕ್ಕೆ ಬಂದ ನಮ್ಮ ಮೊಮ್ಮಗ ತಂದದ್ದು ಒಂದು ಆಮೆಯನ್ನು! ಕಣ್ಣಿನ ಹಿಂದೆ ಕೆಂಪು ಗೆರೆಯುಳ್ಳ, ಅಮೆರಿಕ ಮೂಲದ ಜಾತಿ. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ಅಡ್ಡಿಯಿದೆ. ಇದು ಅದಲ್ಲವೆಂದು ಅವನೇ ನನಗೆ ಅಭಯ ಕೊಟ್ಟ. ನಮ್ಮ ಹಳೆಯ ಮೀನಿನ ತೊಟ್ಟಿಯೇ ಅತಿಥಿಗೆ ಬಿಡಾರವಾಯಿತು.

ನಾಶಿಕದ ಚಳಿ ಓದುಗರಿಗೆ ತಿಳಿಯದ್ದಲ್ಲ. ನಮ್ಮ ಜಿಲ್ಲೆಯ ನಿಫಾಡದಲ್ಲಿ ಕೆಲವು ವರ್ಷ ಉಷ್ಣಮಾನ 5 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಮೆ ಆಹಾರ ಮುಟ್ಟಲಿಲ್ಲ.

"ಅಜ್ಜಾ, ಅದಕ್ಕ ಥಂಡಿ ಹತ್ತೇದ. ದೀಪ ಮನಿಯಾಗ ಬಿಟ್ಟ ಬಂದೀನಿ" ಎಂದು ಹುಡುಗ ಮುಖ ಸಣ್ಣದು ಮಾಡಿದ.

ಅಜ್ಜನಾದವನು ಸುಮ್ಮನಿರಲು ಸಾಧ್ಯವೇ? ಈಗಿನ ಎಲ್.ಇ.ಡಿ. ದೀಪ ಬೆಳಕು ಕೊಟ್ಟೀತೇ ಹೊರತು ಮೈ ಕಾಯಿಸುವಷ್ಟು ಕಾವು ಕೊಡದು. ಅಟ್ಟದಿಂದ 100 ವ್ಯಾಟಿನ ಹಳೆಯ ಬಲ್ಬು ಹುಡುಕಿ, ಪ್ಲಾಸ್ಟಿಕ್ ಹೋಲ್ಡರಿಗೆ ಸಿಕ್ಕಿಸಿ, ತೊಟ್ಟಿಯ ಮೇಲೆ ವಯರಿನಿಂದಲೇ ಇಳಿಬಿಟ್ಟೆ. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಬಲ್ಬು ಹಾಕುವುದನ್ನು ಯಾರು ಕಲಿಸಬೇಕು?

ಅರ್ಧ ತಾಸಾಗಿರಬಹುದು. ಕಲ್ಲಿನ ಮೇಲಿದ್ದ ಆಮೆ ದೊಪ್ಪನೆ ನೀರಿಗೆ ಬಿತ್ತು. ಕಾದ ಗಾಜಿಗೆ ತಣ್ಣೀರು ಸಿಡಿದು ಬಲ್ಬು ಒಡೆಯಿತು. ಗಾಬರಿಯಿಂದ ನಾನು ವಯರು ಎಳೆದೆ. ಹೋಲ್ಡರೇ ತೊಟ್ಟಿಯೊಳಗೆ ಬಿತ್ತು! "ಅಯ್ಯೋ, ನನ್ನ ಆಮಿ!" ಎಂದು ಹುಡುಗ ನೀರಿಗೆ ಕೈ ಹಾಕುವಷ್ಟರಲ್ಲಿ ಅವನ ಅಜ್ಜಿ ರಟ್ಟೆ ಹಿಡಿದು ಹಿಂದಕ್ಕೆ ಸೆಳೆದಳು. ಅದೇ ಗಳಿಗೆಗೆ ಇ.ಎಲ್.ಸಿ.ಬಿ. ಸ್ವಿಚ್ಚು ತಾನಾಗಿ ಬಿದ್ದು ಮನೆಯೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ನನ್ನ ಕೈ ನಡುಗುತ್ತಿದ್ದುದು ಯಾರಿಗೂ ಕಾಣಲಿಲ್ಲ. ಪುಣ್ಯಕ್ಕೆ ಆಮೆಯೂ ಉಳಿದಿತ್ತು.

ಮರುದಿನ ಪಶುವೈದ್ಯರು ನಗದೆ ವಿವರಿಸಿದರು. ಆಮೆ ಮೈಯ ಕಾವನ್ನು ಹೊರಗಿನಿಂದಲೇ ಪಡೆಯಬೇಕು, ನಿಜ. ಆದರೆ ಕಾವಿನಿಂದ ಸರಿದು ನಿಲ್ಲಲು ಅದಕ್ಕೆ ಜಾಗವೂ ಬೇಕು. ಆದ್ದರಿಂದ ದೀಪ ಒಂದೇ ಬದಿಗಿರಲಿ. ಅದರ ಕೆಳಗಿನ ಕಲ್ಲು ಸುಮಾರು 32 ಡಿಗ್ರಿ. ಅದನ್ನು ಕೈಯಂದಾಜಿನಿಂದಲ್ಲ, ಥರ್ಮಾಮೀಟರಿನಿಂದ ತಿಳಿಯಬೇಕು. ಹೋಲ್ಡರು ಪಿಂಗಾಣಿಯದು, ದೀಪವನ್ನು ಗಟ್ಟಿ ಸ್ಟ್ಯಾಂಡಿಗೆ ಬಿಗಿದು, ನೀರು ಸಿಡಿಯದಷ್ಟು ದೂರವಿಟ್ಟು, ಸುತ್ತ ತಂತಿಯ ಜಾಲರಿ ಕಟ್ಟಬೇಕು. ಪರದೆ, ಕಾಗದ ಹತ್ತಿರ ಸುಳಿಯಬಾರದು. ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಿದರೆ, ಅದರ ಗುಂಟ ಹರಿದ ನೀರು ಪ್ಲಗ್ಗಿಗೆ ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ರಾತ್ರಿ ಬೆಳಕು ಬೇಡ.

"ಕಿಟಕಿಯ ಬಿಸಿಲು ಸಾಲದೇ?" ಎಂದೆ. ಚಿಪ್ಪು, ಎಲುಬು ಗಟ್ಟಿಯಾಗಲು ಬೇಕಾದ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದಂತೆ. ಅದಕ್ಕಾಗಿ ಬೇರೆ ಯು.ವಿ.ಬಿ. ದೀಪ ಬೇಕು, ಅದರ ಬೆಳಕು ಕಾಣುತ್ತಿದ್ದರೂ ಕಿರಣದ ಕಸುವು ಕಾಲಕ್ರಮದಲ್ಲಿ ಕುಂದುವುದರಿಂದ, ಹೇಳಿದ ಅವಧಿಗೆ ಬದಲಿಸಲೇಬೇಕು.

ಸಂಕ್ರಾಂತಿಗೆ ಸಂಭಾಜಿನಗರಕ್ಕೆ ಹೋದಾಗ ಮಗಳ ಮನೆಯಲ್ಲಿ ಇದೆಲ್ಲವೂ ವ್ಯವಸ್ಥಿತವಾಗಿದ್ದುದನ್ನು ಕಂಡೆ. ಹುಡುಗನಿಗೆ ಗೊತ್ತಿತ್ತು, ಕೇಳುವ ವ್ಯವಧಾನ ನನಗಿರಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸವೆಂದು ಕರೆಂಟು ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ.

ಆಮೆಗೆ ಸೊಪ್ಪು ಹಾಕಲು ಕೈ ಚಾಚಿದೆ.

"ಅಜ್ಜಾ, ಮೊದಲ ಪ್ಲಗ್ ತಗಿ!"

ಮರುಮಾತಾಡದೆ ತೆಗೆದೆ.