ಪಿಕಪ್ ಒಂದಿದ್ದರೆ ಸಾಕೇ?

ಮನೆಯಲ್ಲಿ ಹರೆಯದ ಹುಡುಗರಿದ್ದರೆ ನಿಮಗೂ ಈ ಮಾತು ಪರಿಚಯವಿದ್ದೀತು: "ಗಾಡಿ ಚೆನ್ನಾಗಿದೆ, ಆದರೆ ಪಿಕಪ್ ಇಲ್ಲ." ನನ್ನ ಅಕ್ಕನ ಮಗ ಎರಡು ವರ್ಷಗಳಿಂದ ಇದನ್ನೇ ಹೇಳುತ್ತಿದ್ದ. ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಹುಡುಗ. ತಯಾರಿಕೆ ನಿಂತು ಎಷ್ಟೋ ವರ್ಷಗಳಾದ ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಕೊಂಡು, ತಾನೇ ರಿಪೇರಿ ಮಾಡಿ ಓಡಿಸುತ್ತಿದ್ದ. ಒಂದಲ್ಲ ಒಂದು ದಿನ ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಅದನ್ನು ಓಡಿಸಬೇಕೆಂಬುದು ಅವನ ಕನಸು.

ಒಂದು ಸಂಜೆ ಬಂದು, "ಖಾಲಾ, 35 ಸಾವಿರ ಬೇಕು. ಅಮ್ಮಿಗೆ ಹೇಳಬೇಡಿ" ಎಂದ. ಯಾವುದಕ್ಕೆಂದು ಕೇಳಿದೆ. "ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಮಾಡಿಸಬೇಕು" ಎಂದ. ನಾನು ಮದ್ರಸಾದಲ್ಲಿ ಕಲಿತವಳು. ಆಮೇಲೆ ಇತಿಹಾಸ ಓದಿ ಬಿಎ ಮಾಡಿದವಳು. ಇಂಜಿನ್ನಿನ ವಿಷಯ ನನಗೇನು ಗೊತ್ತು? ಆದರೂ ಗೊತ್ತಾದವಳಂತೆ ತಲೆಯಾಡಿಸಿ, ಚೀಟಿಯಿಂದ ಬಂದ ಹಣ ಎತ್ತಿಕೊಟ್ಟೆ. ಅರ್ಥವಾಗದಿದ್ದರೂ ತಲೆಯಾಡಿಸುವ ಮಕ್ಕಳನ್ನು ತರಗತಿಯಲ್ಲಿ ದಿನವೂ ಗದರಿಸುವ ಟೀಚರ್ ನಾನು. ಅಂದು ನಾನೂ ಅದನ್ನೇ ಮಾಡಿದೆ.

ತಿಂಗಳ ನಂತರ ಬಾನೆಟ್ ಎತ್ತಿ ತೋರಿಸಿದ. ಆರ್ಗಾನ್ ವೆಲ್ಡಿಂಗ್ ಮಾಡಿದ ಅಲ್ಯುಮಿನಿಯಂ ಪೈಪುಗಳು ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದವು. ನನ್ನನ್ನು ಕೂರಿಸಿಕೊಂಡು ಬೈಪಾಸ್ ರಸ್ತೆಗೆ ಹೋದ. ಕಾಲು ತಾಗಿಸಿದ್ದೇ ತಡ, ಗಾಡಿ ಜಿಗಿಯಿತು. "ಹೇಗಿದೆ ಪಿಕಪ್?" ಎಂದ. ಕೊಟ್ಟ ಹಣ ವ್ಯರ್ಥವಾಗಲಿಲ್ಲ ಎಂದು ನನಗೂ ಸಂತೋಷವಾಯಿತು.

ಸಹೋದರಿಯರೇ, ಆ ಸಂತೋಷ ಇಳಿದದ್ದು ಆಗುಂಬೆ ಘಾಟಿಯಲ್ಲಿ. ಅಕ್ಕನ ಮಂಡಿನೋವಿಗೆ ಮಣಿಪಾಲದಲ್ಲಿ ತೋರಿಸಿ ಅದೇ ಕಾರಿನಲ್ಲಿ ಹಿಂದಿರುಗುತ್ತಿದ್ದೆವು. ಸಂಜೆಯ ಹೊತ್ತು, ಜಿಟಿಜಿಟಿ ಮಳೆ. ಸೋಮೇಶ್ವರದಿಂದ ಮೇಲಕ್ಕೆ 14 ತಿರುವುಗಳು. ಒಂದು ಕಡಿದಾದ ತಿರುವಿನಲ್ಲಿ ಮುಂದಿದ್ದ ಮಿನಿ ಬಸ್ಸು ನಿಂತಿತು, ನಾವೂ ನಿಂತೆವು. ಬಸ್ಸು ಹೊರಟಿತು, ನಮ್ಮ ಕಾರು ಹೊರಡಲಿಲ್ಲ. ನಿಧಾನಕ್ಕೆ ಕ್ಲಚ್ ಬಿಟ್ಟರೆ ಇಂಜಿನ್ ಆಫ್ ಆಗುತ್ತಿತ್ತು. ರೇಸ್ ಮಾಡಿ ಬಿಟ್ಟರೆ ಕ್ಲಚ್ ಸುಟ್ಟ ವಾಸನೆ. ನಡುವೆ ಗಾಡಿ ಹಿಂದಕ್ಕೆ ಜಾರಿತು. ಹಿಂದೆ ಒಂದು ಜೀಪು, ಪಕ್ಕದಲ್ಲಿ ಕಣಿವೆ. "ಯಾ ಅಲ್ಲಾಹ್" ಎಂದು ಅಕ್ಕ ನನ್ನ ಕೈ ಹಿಡಿದಳು.

ಜೀಪಿನಿಂದ ಇಳಿದು ಬಂದ ಯಾರೋ ಪುಣ್ಯಾತ್ಮರು ಚಕ್ರಕ್ಕೆ ಕಲ್ಲು ಕೊಟ್ಟರು. ಭಾರ ಕಡಿಮೆಯಾಗಲೆಂದು ನಾವಿಬ್ಬರೂ ಇಳಿದೆವು. ಮಂಡಿ ತೋರಿಸಿಕೊಂಡು ಬರುತ್ತಿದ್ದ ಅಕ್ಕ ನನ್ನ ಹೆಗಲು ಹಿಡಿದು, ಮಳೆಯಲ್ಲಿ ಆ ಏರನ್ನು ಹತ್ತಿದಳು. "ಏನಾಯಿತೋ ಈ ಗಾಡಿಗೆ, ಮೊದಲು ಚೆನ್ನಾಗಿಯೇ ಇತ್ತಲ್ಲ" ಎಂದಳು. ನಾನು ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ನೇರವಾಗಿ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್‌ರನ್ನು ಹುಡುಗರೆಲ್ಲ 'ಉಸ್ತಾದ್' ಎನ್ನುತ್ತಾರೆ. ನನಗೆ ಅಕ್ಷರ ಕಲಿಸಿದವರನ್ನೂ ನಾನು ಹಾಗೆಯೇ ಕರೆಯುತ್ತಿದ್ದೆ. ಸ್ಟೂಲ್ ಎಳೆದುಕೊಂಡು ವಿದ್ಯಾರ್ಥಿನಿಯಂತೆ ಕುಳಿತೆ.

ಆಕ್ಸಿಲರೇಟರ್ ಒತ್ತಿದರೆ ನೇರವಾಗಿ ಪೆಟ್ರೋಲ್ ಸುರಿಯುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ಪೆಟ್ರೋಲ್ ಕಾರಿನಲ್ಲಿ ನಮ್ಮ ಕಾಲು ತೆರೆಯುವುದು ಗಾಳಿಯ ಬಾಗಿಲನ್ನು. ಅದೇ ಥ್ರಾಟಲ್. ಒಳಬಂದ ಗಾಳಿಯನ್ನು ಅಳೆದು ಪೆಟ್ರೋಲ್ ಕೊಡುವುದು ಕಾರಿನ ಕಂಪ್ಯೂಟರಿನ ಕೆಲಸ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9 ಸಾವಿರ ಲೀಟರ್ ಗಾಳಿ! ಆ ಗಾಳಿಯನ್ನು ಥ್ರಾಟಲಿನಿಂದ ಒಂದೊಂದು ಸಿಲಿಂಡರಿಗೂ ಹಂಚುವ ಪೈಪುಗಳ ಗೊಂಚಲೇ ಇನ್‌ಟೇಕ್ ಮ್ಯಾನಿಫೋಲ್ಡ್.

"ಟೀಚರಮ್ಮ, ಮನೆಯಲ್ಲಿ ಒಲೆ ಊದಿದ್ದೀರಾ?" ಎಂದರು ಉಸ್ತಾದ್. ಊದದೆ ಏನು? "ಬರೀ ಬಾಯಿಂದ ಊದಿದರೆ ಬೂದಿ ಹಾರುತ್ತದೆ, ಊದುಗೊಳವೆಯಿಂದ ಊದಿದರೆ ಕೆಂಡ ಹೊತ್ತಿಕೊಳ್ಳುತ್ತದೆ. ಅಷ್ಟೇ ಇದರ ಗುಟ್ಟು." ಪೈಪು ಉದ್ದವಾಗಿ, ಕಿರಿದಾಗಿದ್ದರೆ ಇಂಜಿನ್ ನಿಧಾನವಾಗಿ ತಿರುಗುವಾಗಲೂ ಗಾಳಿ ರಭಸದಿಂದ ಒಳನುಗ್ಗುತ್ತದೆ, ಏರಿನಲ್ಲಿ ಎಳೆಯುವ ಬಲ ಸಿಗುತ್ತದೆ. ಆದರೆ ನಿಮಿಷಕ್ಕೆ 6000 ಸುತ್ತಿನಲ್ಲಿ ಪ್ರತಿ ಸಿಲಿಂಡರ್ ಒಂದು ಸೆಕೆಂಡಿಗೆ 50 ಬಾರಿ ಉಸಿರೆಳೆಯಬೇಕು. ಆಗ ಕಿರಿದಾದ ಪೈಪು ಉಸಿರು ಕಟ್ಟಿಸುತ್ತದೆ. ಅದಕ್ಕೇ ರೇಸಿನವರು ಗಿಡ್ಡ, ಅಗಲ ಪೈಪು ಹಾಕುತ್ತಾರೆ.

ಇನ್ನೂ ಒಂದು ಸೋಜಿಗವಿದೆ. ಸಿಲಿಂಡರಿನ ವಾಲ್ವ್ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಅದಕ್ಕೆ ಬಡಿದು, ಒತ್ತಡದ ಅಲೆಯೊಂದು ಹಿಂದಕ್ಕೆ ಹೋಗಿ ಮರಳಿ ಬರುತ್ತದೆ. ಗೋಡೆಗೆ ಬಡಿದು ಮರಳುವ ನಮ್ಮದೇ ದನಿಯಂತೆ. ಅದು ಮರಳುವ ಹೊತ್ತಿಗೆ ವಾಲ್ವ್ ತೆರೆದಿದ್ದರೆ ಒಂದಿಷ್ಟು ಹೆಚ್ಚು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಪೈಪು ಉದ್ದವಿದ್ದರೆ ಅಲೆ ಮರಳುವುದು ತಡ. ಆದ್ದರಿಂದ ಅದು ನಿಧಾನದ ಇಂಜಿನ್ನಿಗೆ ಹೊಂದುತ್ತದೆ. ಗಿಡ್ಡವಿದ್ದರೆ ವೇಗದ ಇಂಜಿನ್ನಿಗೆ.

ಇತಿಹಾಸದ ವಿದ್ಯಾರ್ಥಿನಿಯಲ್ಲವೇ, ಮನೆಗೆ ಬಂದು ಹುಡುಕಿ ಓದಿದೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ '300 ಎಫ್' ಎಂಬ ಕಾರಿಗೆ 30 ಅಂಗುಲ ಉದ್ದದ ಗಾಳಿ ಪೈಪುಗಳನ್ನು ಹಾಕಿತು. ಶಕ್ತಿ 375 ಅಶ್ವಬಲ. ಅದೇ ಇಂಜಿನ್ನಿನ ಇನ್ನೊಂದು ಮಾದರಿಯಲ್ಲಿ, ಹೊರಗಿನಿಂದ ನೋಡಲು ಪೈಪು ಅಷ್ಟೇ ಉದ್ದ. ಒಳಗಿನ ಗೋಡೆಯನ್ನು ಮಾತ್ರ ತೆಗೆದು ನಿಜವಾದ ಉದ್ದವನ್ನು 15 ಅಂಗುಲಕ್ಕೆ ಇಳಿಸಿದ್ದರು. ಶಕ್ತಿ 400ಕ್ಕೆ ಏರಿತು. ಆದರೆ ಎಳೆಯುವ ಬಲ 495ರಿಂದ 465 ಪೌಂಡ್-ಅಡಿಗೆ ಇಳಿಯಿತು. ಅದೂ 2800 ಸುತ್ತಿಗೆ ಸಿಗುತ್ತಿದ್ದದ್ದು 3600ಕ್ಕೆ ಹೋಯಿತು. ಒಂದನ್ನು ಪಡೆದರೆ ಇನ್ನೊಂದನ್ನು ಕೊಡಲೇಬೇಕು. ಎರಡೂ ಬೇಕೆಂದವರು ಪೈಪನ್ನೇ ಉದ್ದ ಗಿಡ್ಡ ಆಗುವಂತೆ ಮಾಡಬೇಕಾಯಿತು. 1991ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸ್ ಗೆದ್ದ ಮಾಜ್ದಾ 787ಬಿ ಕಾರಿನಲ್ಲಿ ಗಾಳಿ ಪೈಪುಗಳು ಓಟದ ನಡುವೆಯೇ ಚಾಚಿ ಕುಗ್ಗುತ್ತಿದ್ದವು.

"ಹಾಗಾದರೆ ಕಾಲು ತಾಗಿದೊಡನೆ ಜಿಗಿಯುತ್ತಿತ್ತಲ್ಲ, ಅದು ಬಲವಲ್ಲವೇ?" ಎಂದು ಉಸ್ತಾದರನ್ನು ಕೇಳಿದ್ದೆ. ನಾನು ಮೋಸಹೋದದ್ದು ಅಲ್ಲಿಯೇ. ಹುಡುಗ ಪೈಪುಗಳ ಜೊತೆ ದೊಡ್ಡ ಥ್ರಾಟಲನ್ನೂ ಹಾಕಿದ್ದ. ದೊಡ್ಡ ಬಾಗಿಲನ್ನು ತುಸು ತೆರೆದರೂ, ಚಿಕ್ಕ ಬಾಗಿಲನ್ನು ಬಹಳ ತೆರೆದಷ್ಟು ಗಾಳಿ ನುಗ್ಗುತ್ತದೆ. ಆದ್ದರಿಂದ ಮೊದಲ ಒತ್ತಿಗೇ ಜಿಗಿತ. ಪೂರ್ತಿ ಒತ್ತಿದಾಗ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ. ಚುರುಕು ಬೇರೆ, ಬಲ ಬೇರೆ. ನಿಜವಾದ ಚುರುಕು ಬೇಕೆಂದರೆ ಥ್ರಾಟಲಿಗೂ ಸಿಲಿಂಡರಿಗೂ ನಡುವೆ ತುಂಬಬೇಕಾದ ಜಾಗ ಕಡಿಮೆಯಿರಬೇಕು. ಅದಕ್ಕೆಂದೇ 1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರು ಸಿಲಿಂಡರುಗಳಿಗೆ ಆರು ಥ್ರಾಟಲ್‌ಗಳನ್ನು ಕೊಟ್ಟಿದ್ದರು. ನಮ್ಮ ಹುಡುಗ ಕಂಪ್ಯೂಟರಿಗೆ ಹೊಸ ಲೆಕ್ಕವನ್ನೂ ಕಲಿಸಿರಲಿಲ್ಲ. ಗಾಳಿ ಬದಲಾಗಿತ್ತು, ಪೆಟ್ರೋಲಿನ ಲೆಕ್ಕ ಹಳೆಯದೇ ಇತ್ತು.

ಕಾನೂನಿನ ಮಾತೂ ಬಂತು. ನೋಂದಣಿಯಾದ ವಾಹನವನ್ನು ಕಂಪನಿಯ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಇಂಥ ಕೆಲಸಕ್ಕೆ ಜಾಗ ರೇಸ್ ಟ್ರ್ಯಾಕ್ ಮಾತ್ರ.

ಎಲ್ಲವನ್ನೂ ಕೇಳುತ್ತಾ ಹುಡುಗ ಸ್ಪ್ಯಾನರ್ ಹಿಡಿದು ತಲೆ ತಗ್ಗಿಸಿ ನಿಂತಿದ್ದ. "ಖಾಲಾ, ಟ್ರ್ಯಾಕಿಗೆಂದು ಮಾಡಿದ್ದನ್ನು ಅಮ್ಮಿ ಕೂರುವ ಗಾಡಿಯಲ್ಲಿ ಇಟ್ಟುಬಿಟ್ಟೆ" ಎಂದ. ಬೈಯಬೇಕೆಂದು ಹೋದವಳಿಗೆ ಬೈಯಲಾಗಲಿಲ್ಲ. ಎಲ್ಲಿಗೆ, ಯಾವುದಕ್ಕೆ ಎಂಬ ಪ್ರಶ್ನೆಯನ್ನು ಹಣ ಕೊಡುವ ಮುನ್ನ ನಾನು ಕೇಳಬೇಕಿತ್ತು. ಮಕ್ಕಳ ಆಸೆಗೆ ಹಣ ಕೊಡುವುದು ಸುಲಭ. ಆ ಆಸೆಯ ಎದುರು ಅರ್ಧ ದಿನ ಕುಳಿತು ಅದೇನೆಂದು ತಿಳಿಯುವುದು ಕಷ್ಟ. ನಾನು ಸುಲಭದ್ದನ್ನು ಆರಿಸಿಕೊಂಡಿದ್ದೆ.

ಅಂದು ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಂಡಿಗೆ ಎಣ್ಣೆ ತಿಕ್ಕುತ್ತಾ ಸುಮ್ಮನಿದ್ದಳು. ಆಮೇಲೆ, "ಹಣ ಕೊಟ್ಟದ್ದಕ್ಕೆ ಬೇಸರವಿಲ್ಲ. ಆ ಏರಿನಲ್ಲಿ ನಿನ್ನ ಹೆಗಲು ಹಿಡಿದಿದ್ದಾಗಲೂ ಹೇಳಲಿಲ್ಲವಲ್ಲ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಹಳೆಯ ಮ್ಯಾನಿಫೋಲ್ಡ್, ಹಳೆಯ ಥ್ರಾಟಲ್ ಮತ್ತೆ ಕಾರಿಗೆ ಸೇರಿವೆ. ಹೊಸದು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿದೆ. ಹುಡುಗ ಕನಸು ಬಿಟ್ಟಿಲ್ಲ, ಬಿಡು ಎಂದು ನಾವೂ ಹೇಳಿಲ್ಲ. ಟ್ರ್ಯಾಕಿಗೆಂದೇ ಬೇರೆ ಗಾಡಿ ಮಾಡಲು ಸಂಬಳದಲ್ಲಿ ಉಳಿಸುತ್ತಿದ್ದಾನೆ. ಕಳೆದ ತಿಂಗಳು ಮತ್ತೆ ಮಣಿಪಾಲಕ್ಕೆ ಹೋಗಿ ಬಂದೆವು. ಅದೇ ತಿರುವಿನಲ್ಲಿ ಕಾರು ಯಾವ ಜಿಗಿತವೂ ಇಲ್ಲದೆ, ಮೆಲ್ಲಗೆ, ಮೂವರನ್ನೂ ಹೊತ್ತು ಮೇಲೇರಿತು. ಹಿಂದಿನ ಸೀಟಿನಲ್ಲಿ ಅಕ್ಕ ನಿದ್ದೆ ಹೋಗಿದ್ದಳು.